ಪ್ಲಾಟ್ ಕೊಳ್ಳುವ ಮುನ್ನ ನೀರಿನ ಗೆರೆ ನೋಡಿ

ನಮ್ಮ ಮನೆಯಲ್ಲಿ ಈಗ ಪ್ಲಾಟ್ ಕೊಳ್ಳುವ ಮಾತು ನಡೆದಿದೆ. ಬೇಸಿಗೆಯಲ್ಲಿ ನೋಡಿದರೆ ನೆಲ ಒಣಗಿರುತ್ತದೆ, ಘಟಪ್ರಭೆ ದೂರದಲ್ಲಿ ತೆಳ್ಳಗೆ ಹರಿಯುತ್ತಿರುತ್ತದೆ. ಆದರೆ 2019ರ ಆಗಸ್ಟ್‌ನಲ್ಲಿ ಇದೇ ನದಿ ಗೋಕಾಕದ ಓಣಿಗಳಿಗೆ ನುಗ್ಗಿತ್ತು; ಲೋಳಸೂರ ಸೇತುವೆ ಮುಳುಗಿತ್ತು.

'ಹಿಡಕಲ್ ಡ್ಯಾಮ್ ಇದೆಯಲ್ಲ' ಎನ್ನುವವರಿದ್ದಾರೆ. ಹುಕ್ಕೇರಿ ತಾಲ್ಲೂಕಿನ ಆ ಡ್ಯಾಮ್ ತಡೆಯುವುದು ಘಟಪ್ರಭೆಯ ನೀರನ್ನು ಮಾತ್ರ. ಹಿರಣ್ಯಕೇಶಿ ಡ್ಯಾಮಿನ ಕೆಳಗೆ ಬಂದು ಸೇರುತ್ತದೆ, ಮಾರ್ಕಂಡೇಯ ಗೋಕಾಕದ ಹತ್ತಿರ. ಮೂರೂ ಒಮ್ಮೆಲೇ ತುಂಬಿದರೆ ಗೋಕಾಕಕ್ಕೂ, ಮುಂದೆ ಮೂಡಲಗಿ ತಾಲ್ಲೂಕಿನ ನದಿದಂಡೆಯ ಹಳ್ಳಿಗಳಿಗೂ ಅಪಾಯ.

ಆದ್ದರಿಂದ ಹೊಸ ಲೇಔಟ್‌ಗೆ ಒಪ್ಪಿಗೆ ಕೊಡುವ ಮುನ್ನ ಅದರ ನಕ್ಷೆಯ ಮೇಲೆ 2019ರ ನೀರಿನ ಗೆರೆ ಎಳೆಯಬೇಕು, ಕೊಳ್ಳುವವರಿಗೆ ತೋರಿಸಬೇಕು. 'ಮಣ್ಣು ಹಾಕಿ ಎತ್ತರಿಸಿದ್ದೇವೆ' ಎಂಬುದು ಉತ್ತರವಲ್ಲ. ನದಿ ಹರಡುವ ಜಾಗವನ್ನು ನಾವು ತುಂಬಿದರೆ ಆ ನೀರು ಪಕ್ಕದ ತಗ್ಗಿನ ಮನೆಗೆ ಹೋಗುತ್ತದೆ. ನೆರೆಮನೆಯವರ ಹಕ್ಕು ನಮ್ಮ ದೀನಿನಲ್ಲಿ ಸಣ್ಣದಲ್ಲ.

ಅಬ್ಬಾಗೆ ನಾನು ಹೇಳಿದ್ದು ಇಷ್ಟೇ: ಏಜೆಂಟನಿಗೆ ಮುಂಗಡ ಕೊಡುವ ಮೊದಲು ಆ ಓಣಿಯ ಹಿರಿಯರನ್ನು ಕೇಳೋಣ, '2019ರಲ್ಲಿ ನೀರು ಎಲ್ಲಿತನಕ ಬಂದಿತ್ತು?' ನೀವೂ ನಿಮ್ಮ ಮನೆಯಲ್ಲಿ ಕೇಳಿಸಿ.