ಹೀರುಬಟ್ಟಲಿಗೆ 'ನಿರ್ವಾತ'ವೆಂಬ ಹೆಸರೇಕೆ?

ಸೊಸೆಯ ಬಾಣಂತನಕ್ಕೆಂದು ಊರಿನಿಂದ ಅಬು ಹಮೂರಿಗೆ ಬಂದಿದ್ದ ಹಿರಿಯ ತಾಯಿಯೊಬ್ಬರು ನನ್ನನ್ನು ಬದಿಗೆ ಕರೆದು ಮೆಲ್ಲನೆ ಕೇಳಿದರು: "ಡಾಕ್ಟ್ರೇ, ಮಗೂನ ವ್ಯಾಕ್ಯೂಮ್ ಹಾಕಿ ಎಳೆದ್ರಂತೆ. ತಲೆ ಬೇರೆ ಊದಿದೆ. ಮಿದುಳಿಗೇನೂ ಆಗಿಲ್ಲ ತಾನೆ?" ಅವರು ಆ ಪದವನ್ನು ಕೇಳಿದ್ದುದು ಮನೆಯ ಧೂಳು ಹೀರುವ ಯಂತ್ರದ ಹೆಸರಾಗಿ ಮಾತ್ರ. ಮರಳುಗಾಳಿ ಬೀಸಿದ ಮರುದಿನ ಜಮಖಾನದ ಮೇಲೆ ಅದು ಮೊರೆಯುವುದನ್ನು ಕಂಡವರಿಗೆ ಅಂಜಿಕೆಯಾದುದು ಸಹಜವೇ.

ನಮ್ಮ ಪಠ್ಯಪುಸ್ತಕಗಳ ಪದ 'ನಿರ್ವಾತ'. ಗಾಳಿಯಿಲ್ಲದ್ದು ಎಂದರ್ಥ. 1643ರಲ್ಲಿ ಟೊರಿಸೆಲ್ಲಿಯ ಪ್ರಯೋಗದಲ್ಲಿ ಪಾದರಸದ ಮೇಲೆ ಉಳಿದ ಬರಿದು ಜಾಗಕ್ಕೂ, ಫ್ಲಾಸ್ಕಿನ ಎರಡು ಗೋಡೆಗಳ ನಡುವಿನ ತೆರಪಿಗೂ ಅದು ಚೆನ್ನಾಗಿ ಒಪ್ಪುತ್ತದೆ. ಕೆಲವರು 'ಶೂನ್ಯ' ಎಂದು ಬರೆಯುವುದುಂಟು, ನನಗದು ಒಪ್ಪಿಗೆಯಿಲ್ಲ. ಶೂನ್ಯವೂ ಬಯಲೂ ಅಲ್ಲಮನ ಅನುಭಾವದ ಮಾತುಗಳು, ಅವನ್ನು ಪಂಪಿಗೆ ಜೋಡಿಸುವುದು ಬೇಡ.

ಆದರೆ ಹೆರಿಗೆ ಕೋಣೆಯಲ್ಲಿ 'ನಿರ್ವಾತ'ವೂ ಸಲ್ಲದು. ವಾತವೆಂದರೆ ಕೀಲುನೋವು, ವಾಯು ಎಂದೇ ತಿಳಿದಿರುವ ಹಿರಿಯರಿಗೆ ಅದು ಇನ್ನೊಂದು ಗೊಂದಲ. ಅಲ್ಲದೆ, ಅಲ್ಲಿ ನಿಜವಾದ ನಿರ್ವಾತ ಇರುವುದೂ ಇಲ್ಲ. ವಾಯುಮಂಡಲದ ಒತ್ತಡ ಸುಮಾರು 760 ಮಿಲಿಮೀಟರ್ ಪಾದರಸದಷ್ಟು; ಬಟ್ಟಲಿನೊಳಗೆ ಅದಕ್ಕಿಂತ ಸಾಮಾನ್ಯವಾಗಿ 500ರಿಂದ 600ರಷ್ಟು ಕಡಿಮೆ ಮಾಡುತ್ತಾರೆ, ಅಷ್ಟೆ. ಸ್ವೀಡನ್ನಿನ ಮಾಲ್ಮ್‌ಸ್ಟ್ರೋಮ್ 1950ರ ದಶಕದಲ್ಲಿ ರೂಪಿಸಿದ ಲೋಹದ ಬಟ್ಟಲಿನ ಜೊತೆಗೆ ಇಂದು ಮೆತ್ತನೆಯ ಬಟ್ಟಲುಗಳೂ ಬಂದಿವೆ. ಅದು ಮಗುವಿನ ನೆತ್ತಿಗೆ ಅಂಟಿಕೊಳ್ಳುತ್ತದೆ. ನೋವು ಬಂದಾಗ ತಾಯಿ ಮುಕ್ಕುತ್ತಾಳೆ, ವೈದ್ಯರು ಜೊತೆಗೆ ಎಳೆಯುತ್ತಾರೆ. ಆದುದರಿಂದ 'ಹೀರುಬಟ್ಟಲ ಹೆರಿಗೆ' ಎನ್ನೋಣ. ಹೆಸರೇ ಕೆಲಸವನ್ನು ಹೇಳಿಬಿಡುತ್ತದೆ.

ಬಟ್ಟಲು ಹಿಡಿದ ಕಡೆ ಏಳುವ ಉಬ್ಬು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ನೆತ್ತಿಯ ಚರ್ಮದಡಿ ಹೆಚ್ಚು ರಕ್ತಸ್ರಾವವಾಗುವುದು ಅಪರೂಪ, ಆದರೆ ಅಪಾಯಕರ. ಊತ ಹರಡುತ್ತ ಹೋದರೆ, ಮಗು ಬಿಳಿಚಿಕೊಂಡರೆ, ಮಂಕಾಗಿ ಹಾಲು ಬಿಟ್ಟರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಮಗುವನ್ನು ನೋಡಿದೆ, ಚೆನ್ನಾಗಿ ಹಾಲು ಕುಡಿಯುತ್ತಿತ್ತು. "ಚಿಕ್ಕಂದಿನಲ್ಲಿ ಲೋಟದ ಗಾಳಿ ಹೀರಿ ಗಲ್ಲಕ್ಕೆ ಅಂಟಿಸಿಕೊಳ್ಳುತ್ತಿರಲಿಲ್ಲವೇ ಅಮ್ಮಾ? ಇದೂ ಹಾಗೆಯೇ" ಎಂದೆ. ಆ ತಾಯಿ ನಕ್ಕು, "ಮೊದಲೇ ಹೀಗೆ ಹೇಳಬಾರದಿತ್ತೇ ಅವರು" ಎಂದರು.