ಮಾರ್ಕಸ್ ಒಬ್ಬಾಂವ ಎಷ್ಟಂತ ಬಡದಾಡಬೇಕು?

ಐವತ್ತು ದಾಟಿದಾಕಿ ವಿಡಿಯೋ ಗೇಮ್ ಆಡ್ತಾಳ ಅಂತ ನಗೋರು ನಗ್ರಿ. ಆದ್ರ ಈ ಆಟದಾಗ ನಮ್ಮ ಹಂಗ ಅನುಭವಸ್ಥ ಒಬ್ಬ ಸರದಾರ ಇದ್ದಾನ. ಅವನ ಬಗ್ಗೆ ನಮ್ಮ ಅಕ್ಕ-ತಂಗೇರಿಗೆ, ವೈನಿಗೋಳಿಗೆ ಎರಡು ಮಾತು ಹೇಳೂದದ. ಅಂವನ್ನ ಹೆಂಗ ಆಡಸ್ತೀವಿ ಅನ್ನೂದೂ, ನಾವು ಮನಿ ಹೆಂಗ ನಡಸ್ತೀವಿ ಅನ್ನೂದೂ ಒಂದ ಮಾತು ಅಂತ ನನಗ ಅನಸೇದ.

ಆಟದ ಹೆಸರು ಫೈರ್ ಎಂಬ್ಲಮ್. ಈ ಸಾಲಿನ ಮೊದಲನೇ ಆಟ ಜಪಾನಿನಾಗ 1990ರಾಗ ಬಂತು. ನಾ ಹೇಳಾಕತ್ತಿದ್ದು 2003ರಾಗ ಗೇಮ್ ಬಾಯ್ ಅಡ್ವಾನ್ಸಿಗೆ ಬಂದದ್ದು. ಈ ಸಾಲಿನಾಗ ಜಪಾನ್ ಬಿಟ್ಟು ಹೊರಗ ಮಾರಾಟಕ್ಕ ಬಂದದ್ದು ಇದ ಮೊದಲು. 2023ರಾಗ ನಿಂಟೆಂಡೊದವರು ಇದನ್ನ ಸ್ವಿಚ್ ಮ್ಯಾಲೂ ಆಡೂ ಹಂಗ ಮಾಡಿದ್ರು. ಹಳೇ ಪರಿಚಯ ಅಲ್ಲೇನು, ನಾನೂ ಮತ್ತ ಹಿಡದೆ. ಗಡಿಬಿಡಿ ಇಲ್ಲದ ಆಟ ಇದು. ಚದುರಂಗದ ಹಂಗ ಮನಿ ಮನಿ ಇರ್ತಾವ. ಮೊದಲ ನಮ್ಮವರನ್ನೆಲ್ಲಾ ನಾವು ನಡಸಬೇಕು, ಆಮ್ಯಾಲ ವೈರಿ ಸರದಿ. ನಡುವ ಕುಕ್ಕರ್ ಸೀಟಿ ಹೊಡೀತಂದ್ರ ಎದ್ದು ಹೋಗ್ರಿ, ನೀವು ಬರೂ ತನಕಾ ವೈರಿ ಕೈಕಟ್ಟಿ ನಿಂತಿರ್ತಾನ. ಇಷ್ಟು ಮರ್ಯಾದಿ ನಮಗ ಮನ್ಯಾಗ ಯಾರು ಕೊಡ್ತಾರ ಹೇಳ್ರಿ! ಆದ್ರ ಒಂದು ಕಟ್ಟುನಿಟ್ಟದ: ನಮ್ಮವರೊಬ್ಬರು ಕಾಳಗದಾಗ ಬಿದ್ರಂದ್ರ ಮುಂದಿನ ಕಾಳಗಕ್ಕ ಅವರು ಬರೂದಿಲ್ಲ. ಹೋದವರು ಹೋದ್ರು.

ಕತಿ ಹಿಂಗದ. ಫೆರೆ ಅನ್ನೂ ಸಂಸ್ಥಾನದ ಹುಡುಗ ಎಲಿವುಡ್, ಕಾಣದ ಹೋದ ಅಪ್ಪನ್ನ ಹುಡುಕ್ಕೋತ ಮನಿ ಬಿಟ್ಟು ಹೊರಡ್ತಾನ. ಜೋಡಿಗೆ ಲೋವೆನ್ ಅಂತ ಒಬ್ಬ ಕುದ್ರಿ ಸವಾರ, ಇನ್ನೂ ಕಲಿಯಾಂವ. ರೆಬೆಕಾ ಅಂತ ಒಬ್ಬ ಹಳ್ಳಿ ಹುಡುಗಿ, ಬಿಲ್ಲು ಹಿಡದಾಕಿ. ಇವರೆಲ್ಲಾರಿಗೂ ಹಿರಿಯಾಂವ ಮಾರ್ಕಸ್. ಮೊದಲನೇ ದಿನದಿಂದನ ಅಂವ ಪೂರಾ ತಯಾರಾದ ಸರದಾರ. ಕೈಯಾಗ ಬೆಳ್ಳಿ ಈಟಿ. ಕಳ್ಳರು ಬಂದ್ರ ಅಂವ ಒಬ್ಬಾಂವನ ಮುಂದ ಹೋಗಿ ಎಲ್ಲಾರನ್ನೂ ಕೆಡವಿ ಬರ್ತಾನ. ಉಳದವರು ಹಿಂದ ನಿಂತು ನೋಡಿದ್ರೂ ನಡೀತದ.

ಇಲ್ಲೇ ಅದ ಗಮ್ಮತ್ತು. ಕಾಳಗದಾಗ ಹೊಡದವರಿಗೆ ಅನುಭವದ ಅಂಕ ಬರ್ತಾವ, ವೈರಿನ ಕೆಡವಿದವರಿಗೆ ಹೆಚ್ಚು. ನೂರು ಕೂಡಿದ್ರ ಒಂದು ಮೆಟ್ಟಲಾ ಮ್ಯಾಲ. ಆದ್ರ ಮಾರ್ಕಸ್ ಮೊದಲ ಮ್ಯಾಲಿರಾಂವ, ಅದಕ್ಕ ಸಣ್ಣ ಕಳ್ಳನ್ನ ಕೆಡವಿದ್ರ ಅವಂಗ ನಾಕು ಕಾಸಿನಷ್ಟೂ ಬರೂದಿಲ್ಲ. ಅದ ಕಳ್ಳನ್ನ ರೆಬೆಕಾ ಕೆಡವಿದ್ರ ಅಕಿಗೆ ಕೈತುಂಬ ಬರ್ತದ. ಎಲ್ಲಾ ಅಂವನ ಮಾಡಿದ್ರ ಕೆಲಸ ಲಗೂ ಮುಗೀತದ ಖರೆ, ಆದ್ರ ಹುಡುಗರು ಇದ್ದಲ್ಲೇ ಇರ್ತಾರ. ಮುಂದ ಬಯಲು ದೊಡ್ಡದಾಗ್ತದ, ವೈರಿ ಎರಡೂ ಕಡಿಂದ ಬರ್ತಾನ. ಮಾರ್ಕಸ್ ಒಂದ ಕಡಿ ನಿಲ್ಲಬಲ್ಲ. ಇನ್ನೊಂದು ಕಡಿ ಯಾರು?

ಈ ಆಟ ಆಡೋರೊಳಗ ಒಂದು ಹಳೇ ಬುದ್ಧಿಮಾತು ಅದ: ಮಾರ್ಕಸನ್ನ ಮೂಲ್ಯಾಗ ಕೂಡಸು, ಅಂವ ಹುಡುಗರ ಪಾಲು ತಿಂತಾನ ಅಂತ. ನಾ ಒಪ್ಪೂದಿಲ್ಲ. ಅಂವನ್ನ ಕೂಡಸಿದ್ರ ಎಳೇ ಹುಡುಗರು ಮೊದಲನೇ ಪೆಟ್ಟಿಗೇ ಬೀಳ್ತಾರ. ಈ ಸಲ ನಾ ಅಂವನ್ನ ಮುಂದ ನಿಲ್ಲಿಸಿ ಕೈಯಾಗಿನ ಆಯುಧ ತಗಸಿಬಿಟ್ಟೆ. ವೈರಿ ಬಂದು ಅವನ್ನ ಹೊಡೀತಾನ, ಅವಂಗ ಹತ್ತೂದಿಲ್ಲ. ಹಿಂದಿನಿಂದ ರೆಬೆಕಾ ಬಾಣ ಬಿಡ್ತಾಳ. ಬಾಜೂಕ ಬಂದ ವೈರಿನ್ನ ಬಿಲ್ಲಿನಾಕಿ ಹೊಡೀಲಿಕ್ಕಾಗೂದಿಲ್ಲ, ಅದಕ್ಕ ಅಕಿಗೆ ಎದರಿಗೊಂದು ಗ್ವಾಡಿ ಬೇಕs ಬೇಕು. ಯಾರಾರ ಸಿಕ್ಕೊಂಡ್ರ ಮಾರ್ಕಸ್ ಅವರನ್ನ ಕುದ್ರಿ ಮ್ಯಾಲ ಎತ್ತಿಕೊಂಡು ದೂರ ಇಳಿಸಿ ಬರ್ತಾನ. ಹೊಡಿಯೂ ಕೆಲಸ ಹುಡುಗರದು, ಕಾಯೂ ಕೆಲಸ ಅವಂದು.

ಈಗ ನಮ್ಮ ಮನಿಗೋಳಿಗೆ ಬರ್ರಿ. ಸೊಸಿ ಲಟ್ಟಿಸಿದ ಹೋಳಿಗಿ ಹರೀತು ಅಂದ್ರ "ಸರಿ, ನಾ ಮಾಡ್ತೀನಿ" ಅಂತ ಲಟ್ಟಣಗಿ ಕಸಗೊಳ್ಳೋರು ನಮ್ಮೊಳಗ ಎಷ್ಟು ಮಂದಿ ಇಲ್ಲ? ಯಾವ ಗುಳಿಗಿ ಮುಂಜಾನೆದು, ಯಾವುದು ರಾತ್ರಿದು, ಗ್ಯಾಸಿನ ಪುಸ್ತಕ ಎಲ್ಲೆ, ಮನಿ ದೇವರ ನೈವೇದ್ಯಕ್ಕ ಏನೇನು ಬೇಕು, ಇದೆಲ್ಲಾ ಒಬ್ಬಾಕಿ ತಲ್ಯಾಗ ಇರ್ತದ. ಮಂದಿ "ಏನು ಗಟ್ಟಿಗಿತ್ತಿ" ಅಂತಾರ. ಆ ಗಟ್ಟಿಗಿತ್ತಿ ಎಂಟು ದಿನ ಹಾಸಿಗಿ ಹಿಡದ್ರ ಆ ಮನ್ಯಾಗ ಚಹಾಪುಡಿ ಡಬ್ಬಿ ಸುದ್ದಾ ಸಿಗೂದಿಲ್ಲ. ಅದು ಆ ಹುಡುಗರ ತಪ್ಪಲ್ಲ. ಅವರಿಗೆ ಒಂದು ಅಂಕಾನೂ ಗಳಸಲಿಕ್ಕೆ ಸಿಕ್ಕಿರೂದಿಲ್ಲ.

ಇನ್ನ ಕೆಲವರು ತಿರುವಿ ಹಾಕ್ತಾರ. "ನನ್ನಿಂದ ಸಾಕಾತು, ಇನ್ನ ನೀವ ನೋಡ್ಕೋರಿ" ಅಂತ ಒಮ್ಮೆಲೇ ಕೈ ಝಾಡಿಸಿ ಕೂಡ್ತಾರ. ಅದೂ ಸರಿ ಅಲ್ಲ. ನಿನ್ನೆ ತನಕಾ ಒಲಿ ಮುಟ್ಟಗೊಡದಾಕಿಗೆ ಇವತ್ತ ಇಪ್ಪತ್ತು ಮಂದಿ ಊಟ ಒಪ್ಪಿಸಿದ್ರ ಅಕಿ ಅಳ್ತಾಳ, ಆಮ್ಯಾಲ "ನೋಡ್ರಿ, ಇವರ ಕಡೆ ಆಗೂದಿಲ್ಲ" ಅಂತ ನಾವ ಅಂತೀವಿ.

ಎರಡರ ನಡುವ ನಿಲ್ಲೂದು ಹಗುರಲ್ಲ. ಕೈಗೆ ಬರೂ ಕೆಲಸಾ ಮಾಡದ ಸುಮ್ಮನ ನೋಡೂದಂದ್ರ ಮೈ ಉರೀತದ. ಹೊತ್ತೂ ಹೆಚ್ಚು ಹಿಡೀತದ. ಆದ್ರ ಬ್ಯಾರೆ ಹಾದಿ ನನಗ ಕಾಣೂದಿಲ್ಲ. ಇದು ಸೊಸಿಗೆ ಒಬ್ಬಾಕಿಗೇ ಹೇಳೂ ಮಾತೂ ಅಲ್ಲ. ಆ ಲೋವೆನ್ ಇದ್ದಾನಲ್ಲ, ಕುದ್ರಿ ಸವಾರ, ಅಡಿಗಿ ಅಂದ್ರ ಅವಂಗ ಭಾಳ ಪ್ರೀತಿ. ಯುದ್ಧಕ್ಕ ಹೊಂಟ ಗಂಡು ಹುಡುಗ ಒಗ್ಗರಣಿ ಹಾಕಬಹುದಾದ್ರ, ಕಂಪ್ಯೂಟರ್ ಮುಂದ ಕೂತ ನಮ್ಮ ಹುಡುಗರಿಗೆ ಏನಾಗೇದ?

ಬರೂ ಯುಗಾದಿಗೆ ಲಟ್ಟಣಗಿ ಸೊಸಿ ಕೈಯಾಗ, ಇಲ್ಲಾ ಮಗನ ಕೈಯಾಗ ಇರಲಿ. ನಾವು ಹಂಚಿನ ಬಾಜೂಕ ನಿಂತಿರೂಣು, ಹೊತ್ತಲಾರದಂಗ ಕಾಯೂಣು. ಒಂದೆರಡು ಹರದ್ರ ಹರೀಲಿ. ಮ್ಯಾಲ ತುಪ್ಪಾ ಹಾಕಿದ್ರ ಯಾರಿಗೂ ಗೊತ್ತಾಗೂದಿಲ್ಲ.