ಆರೋಗ್ಯ ವಿಚಾರ: ಸಾರಥಿಯ ಮಣಿಕಟ್ಟು

ವಾಹನವನ್ನು ನಡೆಯಿಸಿ ಸಂಸಾರವನ್ನು ಸಾಗಿಸುವವನಿಗೆ ಕೈಯೇ ಬಂಡವಾಳವು. ಬಸ್ಸು, ಲಾರಿ, ಆಟೋರಿಕ್ಷಾಗಳನ್ನು ನಡೆಯಿಸುವವರಲ್ಲಿ ಕೆಲವರಿಗೆ ನಡುರಾತ್ರಿಯಲ್ಲಿ ಕೈ ಜೋಮು ಹಿಡಿದು ಎಚ್ಚರವಾಗುವುದುಂಟು. ಎದ್ದು ಕುಳಿತು ಕೈಯನ್ನು ಕೊಡವಿದರೆ ತುಸು ಹೊತ್ತಿನಲ್ಲಿಯೇ ಶಮನವಾಗುವುದು. ಮಗ್ಗುಲಿನ ಕೆಳಗೆ ಕೈ ಒತ್ತಿರಬೇಕೆಂದೋ, ವಾಯುವೆಂದೋ ಹೇಳಿ ಮನೆಯವರು ಸುಮ್ಮನಾಗುವರು. ಈ ಉದಾಸೀನವೇ ಅನೇಕ ವೇಳೆ ಮುಂದಣ ಕೇಡಿಗೆ ಮೂಲವು.

ಮಣಿಕಟ್ಟಿನ ಒಳಭಾಗದಲ್ಲಿ ಇಕ್ಕಟ್ಟಾದ ಒಂದು ಓಣಿಯುಂಟು. ಅದರ ತಳವೂ ಪಕ್ಕಗಳೂ ಸಣ್ಣ ಎಲುಬುಗಳಿಂದಾದುವು. ಮೇಲುಹೊದಿಕೆಯು ಗಟ್ಟಿಯಾದ ನಾರಿನ ಪಟ್ಟಿ. ಬೆರಳುಗಳನ್ನು ಮಡಿಸುವ 9 ಸ್ನಾಯುರಜ್ಜುಗಳೂ ಒಂದು ಮುಖ್ಯ ನರವೂ ಇದರೊಳಗೆ ಹಾದುಹೋಗುವುವು. ರಜ್ಜುಗಳ ಸುತ್ತಲಿನ ಪೊರೆಯು ಊದಿಕೊಂಡರೆ ಓಣಿಯು ಹಿಗ್ಗಲಾರದು. ಮೃದುವಾದ ನರವೇ ಅದುಮಲ್ಪಡುವುದು. ವೈದ್ಯರು ಇದನ್ನು ‘ಕಾರ್ಪಲ್ ಟನಲ್’ ರೋಗವೆನ್ನುವರು. ಇಂಗ್ಲೆಂಡಿನ ಶಸ್ತ್ರವೈದ್ಯನಾದ ಜೇಮ್ಸ್ ಪ್ಯಾಜೆಟನು 1854ರಷ್ಟು ಹಿಂದೆಯೇ ಮಣಿಕಟ್ಟಿನಲ್ಲಿ ಈ ನರವು ಅದುಮಲ್ಪಟ್ಟುದನ್ನು ವರ್ಣಿಸಿದ್ದನು.

ಮಣಿಕಟ್ಟನ್ನು ಬಗ್ಗಿಸಿ ಬಹಳ ಹೊತ್ತು ಬಿಗಿಹಿಡಿಯುವುದೂ ಯಂತ್ರದ ಅದಿರಾಟವೂ ಈ ನರಕ್ಕೆ ಹಿತವಲ್ಲ. ಎಡಗೈಯಿಂದ ಕ್ಲಚ್ಚನ್ನು ಅದುಮಿ ಗೇರನ್ನು ತಿರುಗಿಸುತ್ತ, ಬಲಗೈಯಿಂದ ವೇಗದ ಹಿಡಿಯನ್ನು ತಿರುವುತ್ತ ದಿನವೆಲ್ಲ ದುಡಿಯುವ ಆಟೋರಿಕ್ಷಾದವನ ಎರಡು ಮಣಿಕಟ್ಟುಗಳಿಗೂ ಬಿಡುವಿಲ್ಲ. ಆದರೆ ದೋಷವೆಲ್ಲ ಗಾಡಿಯದೇ ಎನ್ನಲಾಗದು. ಸಿಹಿಮೂತ್ರ ರೋಗ, ಥೈರಾಯಿಡ್ ಗ್ರಂಥಿಯ ಮಾಂದ್ಯ, ಸ್ಥೂಲಕಾಯಗಳೂ ಇದಕ್ಕೆ ಕಾರಣಗಳು. ಗಾಡಿಯನ್ನೇ ಮುಟ್ಟದ ಗರ್ಭಿಣಿಯರಿಗೂ ಇದು ತೋರುವುದುಂಟು.

ಯಾವ ಬೆರಳಿಗೆ ಜೋಮು ಎಂಬುದನ್ನು ಮೊದಲು ವಿಚಾರಿಸಬೇಕು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧಭಾಗ, ಇವು ಮೇಲೆ ಹೇಳಿದ ನರದ ಸೀಮೆ. ಕಿರುಬೆರಳಿಗೆ ಜೋಮು ಹಿಡಿದರೆ ಮೊಣಕೈಯ ಬಳಿ ಹಾಯುವ ಬೇರೊಂದು ನರವನ್ನು ಸಂದೇಹಿಸಬೇಕು. ಕಿಟಕಿಯ ಅಂಚಿಗೆ ಮೊಣಕೈಯೂರಿ ಗಾಡಿ ನಡೆಯಿಸುವವರು ಇದನ್ನು ನೆನಪಿನಲ್ಲಿಡತಕ್ಕದ್ದು. ಒಮ್ಮೆಗೇ ಒಂದು ಕೈ ಸೋತು, ಬಾಯಿ ಸೊಟ್ಟಗಾಗಿ ಮಾತು ತೊದಲಿದರೆ ಅದು ಮೆದುಳಿನ ಆಘಾತದ ಲಕ್ಷಣವು. ಕ್ಷಣವೂ ತಡೆಯದೆ ಆಸ್ಪತ್ರೆಗೆ ಒಯ್ಯಬೇಕು.

ರೋಗವು ಎಳೆಯದಾಗಿರುವಾಗ ಉಪಾಯವು ಸುಲಭ. ರಾತ್ರಿ ಮಲಗುವಾಗ ಮಣಿಕಟ್ಟು ನೆಟ್ಟಗಿರುವಂತೆ ಪಟ್ಟಿಯನ್ನು ಕಟ್ಟಿಕೊಳ್ಳಬೇಕು. ಹಗಲಿನಲ್ಲಿ ಹಿಡಿತವನ್ನು ಸಡಿಲಿಸಿ, ನಡುನಡುವೆ ಗಾಡಿಯನ್ನು ನಿಲ್ಲಿಸಿ ಕೈಗೆ ವಿಶ್ರಾಂತಿ ಕೊಡಬೇಕು. ಸ್ಪರ್ಶಜ್ಞಾನ ಕುಂದಿದ ಬೆರಳಿಗೆ ಸುಡುವ ಶಾಖ ಕೊಡುವುದು ಅಪಾಯಕರವು. ಚರ್ಮವು ಬೆಂದರೂ ತಿಳಿಯದು. ಕೆಲವು ವಾರಗಳಲ್ಲಿ ಗುಣ ಕಾಣದಿದ್ದರೆ ವೈದ್ಯರು ನರದ ವಾಹಕಶಕ್ತಿಯನ್ನು ಯಂತ್ರದಿಂದ ಪರೀಕ್ಷಿಸಿ, ಸೂಜಿಮದ್ದನ್ನು ಕೊಡುವರು. ಅಗತ್ಯವಾದರೆ ನಾರಿನ ಪಟ್ಟಿಯನ್ನು ಕೊಯ್ದು ನರವನ್ನು ಬಿಡಿಸುವರು.

ಅಂಗಿಯ ಗುಂಡಿ ಹಾಕಲು ತಡವರಿಸುವುದು, ಹಿಡಿದ ಲೋಟ ಜಾರುವುದು, ಹೆಬ್ಬೆರಳಿನ ಬುಡದ ಮಾಂಸಖಂಡ ಬತ್ತುವುದು, ಇವು ಕಂಡಮೇಲೆ ಕಾಲಹರಣ ಸಲ್ಲದು. ಬತ್ತಿದ ಖಂಡವು ಶಸ್ತ್ರಚಿಕಿತ್ಸೆಯ ತರುವಾಯವೂ ಪೂರ್ಣವಾಗಿ ತುಂಬಿಕೊಳ್ಳದಿರಬಹುದು. ದಿನದ ಕೂಲಿ ತಪ್ಪೀತೆಂಬ ಭಯದಿಂದ ಯಜಮಾನನು ನೋವನ್ನು ಮುಚ್ಚಿಡುವುದು ಸಹಜವೇ. ಆದರೆ ರಾತ್ರಿ ಆತನು ಕೈ ಕೊಡವುವುದು ಮನೆಯಾಕೆಗೆ ತಿಳಿಯದಿರದು. ಆಕೆಯೇ ಒತ್ತಾಯಿಸಿ ವೈದ್ಯರಲ್ಲಿಗೆ ಕರೆದೊಯ್ಯಲಿ. ಆ ಹಿಡಿತವನ್ನು ನಂಬಿ ಮನೆಯವರಷ್ಟೇ ಅಲ್ಲ, ಹಿಂದೆ ಕುಳಿತ ಪ್ರಯಾಣಿಕರೂ ಇರುವರು.